ನನ್ನ ಮಗಳ ತಂದೆ ಶ್ರೀ ಬಾರ್ಕೂರು ಅವರ ಕುರಿತು

ಜ್ಞಾನಸೋಪಾನ ವಿದ್ಯಾರ್ಥಿವೇತನ ಪೋರ್ಟಲ್‌ನ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಸರ್ವರ್ ಈ ಹೊತ್ತು ಎಚ್ಚರವಾಗಿದ್ದು ಕ್ಷೇಮದಿಂದಿದೆ ಎಂದು ನಂಬಿ, ಚೆನ್ನೈ ಕೋಡಂಬಾಕ್ಕಂನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕಾಫಿ ಮಾಸ್ಟರ್ ಆಗಿರುವ ಭೋಜರಾಜ ಎಂಬ ನಾನು ಎರಡೂ ಕೈ ಒರೆಸಿಕೊಂಡು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ಭಾಷೆ ಆರಿಸಿಕೊಳ್ಳಿ ಎಂದವರು ತಾವು. ನಾನು ಕನ್ನಡವನ್ನು ಒತ್ತಿದಾಗ ಮೇಲುಗಡೆಯ ‘ಸುಸ್ವಾಗತ’ ಒಂದು ಕನ್ನಡಕ್ಕೆ ತಿರುಗಿ ಉಳಿದದ್ದೆಲ್ಲ ಇಂಗ್ಲಿಷಿನಲ್ಲೇ ನಿಂತಿತು. ಆ ಒಂದು ಪದಕ್ಕೆ ಮರ್ಯಾದೆಯಾಗಿ ಈ ಪತ್ರ.

ವಿಷಯ ಸಣ್ಣದು. ನನ್ನ ಮಗಳು ಹರ್ಷಿಣಿ ಪಲ್ಲಾವರಂ ಕಡೆಯ ಒಂದು ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದಾಳೆ. ಫೀಸು ಕಟ್ಟದಿದ್ದರೆ ಹಾಲ್ ಟಿಕೆಟ್ ಇಲ್ಲ, ಹಾಲ್ ಟಿಕೆಟ್ ಇಲ್ಲದಿದ್ದರೆ ಪರೀಕ್ಷೆ ಇಲ್ಲ, ಆದ್ದರಿಂದ ತಮ್ಮ ಬಾಗಿಲಿಗೆ ಬಂದೆವು. ಅವಳ ಅಂಕಗಳನ್ನು ತಾವು ಒಪ್ಪಿದಿರಿ. ನಮ್ಮ ಬಡತನವನ್ನು ರುಜುವಾತು ಮಾಡುವುದೂ ಕಷ್ಟವಾಗಲಿಲ್ಲ, ಅದರಲ್ಲಿ ನಮಗೆ ಒಳ್ಳೆಯ ಅನುಭವವಿದೆ. ಎಲ್ಲವೂ ಮುಗಿದು ಕೊನೆಗೆ ಸಿಕ್ಕಿಕೊಂಡದ್ದು ‘ಬಿ’ ಎಂಬ ಒಂದೇ ಒಂದು ಅಕ್ಷರದಲ್ಲಿ.

ತಮಿಳುನಾಡಿನಲ್ಲಿ ಹೆಸರಿನ ಮೊದಲು ಬರುವ ಇನಿಷಿಯಲ್ ಎಂದರೆ ಅಪ್ಪನ ಹೆಸರು. ಉಡುಪಿ ಕಡೆಯ ನಮಗೆ ಅದು ಊರಿನ ಹೆಸರು. ಮಗಳನ್ನು ಶಾಲೆಗೆ ಸೇರಿಸಿದ ದಿನ ನಾನು ‘ಬಿ. ಹರ್ಷಿಣಿ’ ಎಂದು ಬರೆಸಿದಾಗ ಟೀಚರಮ್ಮ ಬಿ ಎಂದರೆ ಭೋಜರಾಜ ಎಂದುಕೊಂಡರು, ನಾನು ನಮ್ಮೂರು ಬಾರ್ಕೂರು ಎಂದುಕೊಂಡೆ, ಇಬ್ಬರಿಗೂ ಸಮಾಧಾನವಾಯಿತು. ಆ ಬಡ ಅಕ್ಷರ ಅಂದಿನಿಂದ ಎರಡು ಮನೆಯ ಚಾಕರಿ ಮಾಡಿಕೊಂಡು ತೆಪ್ಪಗಿತ್ತು. ಅದನ್ನು ಹಿಡಿದು ನಿಲ್ಲಿಸಿ, ನಿನ್ನ ಪೂರ್ತಿ ಹೆಸರೇನು ಎಂದು ಕೇಳಿದವರು ತಾವೊಬ್ಬರೇ. ನೆಟ್ ಸೆಂಟರಿನ ಬೃಂದಾ ಎಂಬ ಹುಡುಗಿ ಇನಿಷಿಯಲ್ ಬಿಡಿಸಿ ಹೇಳಿ ಎಂದಾಗ ನಾನು ಎದೆಯುಬ್ಬಿಸಿ, ಪಕ್ಕದ ಅಂಗಡಿಗೂ ಕೇಳುವಂತೆ, ಬಾರ್ಕೂರು ಎಂದೆ. ಅವಳು ಹಾಗೆಯೇ ಟೈಪ್ ಮಾಡಿದಳು. ತಾವು ಅದನ್ನು ತಕ್ಷಣ ‘ತಂದೆಯ ಹೆಸರು’ ಎಂಬ ಚೌಕಕ್ಕೆ ಇಳಿಸಿ, ಬೀಗ ಜಡಿದು, ಇನ್ನು ತಿದ್ದಲಾಗದು ಎಂದು ಘೋಷಿಸಿದಿರಿ.

ಅಂದಿನಿಂದ ತಾವು ಶ್ರೀ ಬಾರ್ಕೂರು ಅವರ ಆದಾಯ ಪ್ರಮಾಣಪತ್ರ, ಆಧಾರ್ ಮತ್ತು ಹೆಬ್ಬೆಟ್ಟಿನ ಗುರುತು ಕೇಳುತ್ತಿದ್ದೀರಿ. ನನ್ನ ಆದಾಯ ಪ್ರಮಾಣಪತ್ರವನ್ನು ಯಾರೋ ದಾರಿಹೋಕನದ್ದೆಂದು ಹಿಂದಕ್ಕೆ ಕಳಿಸಿದ್ದೀರಿ. ಮನೆಯಲ್ಲಿ ತಮಿಳೇ ಆಡುವ ಹರ್ಷಿಣಿ “ಊರುಕ್ಕು ಆಧಾರ್ ಇರುಕ್ಕಾಪ್ಪಾ?” ಎಂದು ಕೇಳಿದಳು, ಊರಿಗೂ ಆಧಾರ್ ಕೊಡುತ್ತಾರೆಯೇ ಎಂಬ ಅವಳ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ನನ್ನ ಹೆಂಡತಿ ನಾಗಮಣಿಯ ಚಿಂತೆ ಬೇರೆ. “ಆ ಬಾರ್ಕೂರು ಯಾರ್ ಅಂತ ನನ್ ಹತ್ರ ಕೇಂಡ್ರೆ ನಾ ಎಂತ ಹೇಳುದು?” ಎಂದು ಅವಳು ಮುಖ ತಿರುಗಿಸಿ ಕೂತಿದ್ದಳು.

ಆದರೂ ತಮ್ಮ ಆಯ್ಕೆಯನ್ನು ಮೆಚ್ಚದೆ ಇರಲಾರೆ. ತಾವು ಹುಡುಕಿಕೊಟ್ಟ ತಂದೆ ನನಗಿಂತ ಎಷ್ಟೋ ಮೇಲು. ಅವರಿಗೆ ಒಂದು ಹೊಳೆ ಇದೆ, ರೈಲ್ವೆ ಸ್ಟೇಷನ್ ಇದೆ, ಓಣಿಗೊಂದರಂತೆ ಹಳೆಯ ದೇವಸ್ಥಾನಗಳಿವೆ, ಒಂದು ಕಾಲಕ್ಕೆ ರಾಜಧಾನಿಯಾಗಿ ಮೆರೆದ ಹೆಮ್ಮೆ ಇದೆ. ನನಗಿರುವುದು ಒಂದು ಡಿಕಾಕ್ಷನ್ ಫಿಲ್ಟರ್, ಅದೂ ಹೋಟೆಲಿನದು. ಇನ್ನೊಂದು ಸೂಕ್ಷ್ಮವನ್ನೂ ತಮ್ಮ ಗಮನಕ್ಕೆ ತರಬೇಕು. ನಾನು ಕೂಡ ಬಿ. ಭೋಜರಾಜ. ತಮ್ಮ ನಿಯಮದಂತೆ ನನ್ನ ತಂದೆಯೂ ಶ್ರೀ ಬಾರ್ಕೂರು ಅವರೇ ಆಗುತ್ತಾರೆ. ಹಾಗಾಗಿ ಹರ್ಷಿಣಿ ಈಗ ನನ್ನ ತಂಗಿ, ಅವಳ ತಾಯಿ ನನಗೆ ಏನಾಗುತ್ತಾಳೆ ಎಂಬುದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ.

ಒಂದು ಮಾತನ್ನು ಮಾತ್ರ ನಗೆ ಬಿಟ್ಟು ಹೇಳುತ್ತೇನೆ. ನನ್ನ ದೂರಿಗೆ ಉತ್ತರವಾಗಿ ತಾವು ‘ಅರ್ಜಿದಾರರಿಗೂ ಈ ವ್ಯಕ್ತಿಗೂ ಯಾವ ಸಂಬಂಧವೂ ಕಂಡುಬಂದಿಲ್ಲ’ ಎಂದು ಬರೆದಿರಿ. ಬೆಳಗಿನ ಟಿಫಿನ್ ಗದ್ದಲದಲ್ಲಿ ಅದನ್ನು ಓದಿದೆ. ಹುಟ್ಟಿದ ದಿನದಿಂದ ಎತ್ತಿ ಆಡಿಸಿದ ಮಗು, ಜ್ವರ ಬಂದಾಗ ಎಲೆಕ್ಟ್ರಿಕ್ ಟ್ರೈನಿನಲ್ಲಿ ಎದೆಗವಚಿಕೊಂಡು ಆಸ್ಪತ್ರೆಗೆ ಒಯ್ದ ಮಗು. ಹಾಲು ಉಕ್ಕಿ ಒಲೆಗೆ ಬಿದ್ದದ್ದೂ ತಿಳಿಯಲಿಲ್ಲ, ಮಾಲೀಕರು ಬೈದದ್ದೂ ಅಷ್ಟಾಗಿ ಕೇಳಿಸಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು. ದಯವಿಟ್ಟು ತಮ್ಮ ಅಧಿಕಾರಿಯೊಬ್ಬರನ್ನು ಬಾರ್ಕೂರಿಗೆ ಕಳಿಸಿ, ಆ ಊರಿನ ಹೆಬ್ಬೆಟ್ಟು ಯಾವ ದಿಕ್ಕಿಗಿದೆ ಎಂದು ಪತ್ತೆಹಚ್ಚಿ, ಗುರುತು ತೆಗೆದುಕೊಳ್ಳತಕ್ಕದ್ದು. ಹೊಳೆಯ ದಡದಲ್ಲಿ ನಿಂತು ವಾರ್ಷಿಕ ಆದಾಯವೆಷ್ಟು ಎಂದು ಕೂಗಿ ಕೇಳತಕ್ಕದ್ದು. ಹೊಳೆ ಉತ್ತರಿಸದಿದ್ದರೆ ಆದಾಯ ಸೊನ್ನೆ ಎಂದು ಬರೆದುಕೊಂಡರೂ ನಮ್ಮ ತಕರಾರಿಲ್ಲ. ಇದಾವುದೂ ಸಾಧ್ಯವಾಗದಿದ್ದರೆ, ಕೊನೆಯ ಪಕ್ಷ ತಮ್ಮ ಓಟಿಪಿಯನ್ನಾದರೂ ಟಿಫಿನ್ ಮುಗಿದು ಊಟ ಶುರುವಾಗುವ ನಡುವೆ ಕಳಿಸುವ ಕೃಪೆ ಮಾಡಬೇಕು. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ದವರಾ ಬಟ್ಟಲು ಹಿಡಿದು ಕಾಫಿ ಎತ್ತಿ ಹೊಯ್ಯುವವನು ಮೂಗಿನಿಂದ ಫೋನ್ ಒತ್ತುವಷ್ಟರಲ್ಲಿ ತಮ್ಮ ಓಟಿಪಿಯ ಆಯಸ್ಸು ಮುಗಿದಿರುತ್ತದೆ.

ಈ ಕಥೆ ಹೋಟೆಲಿನ ಅಡುಗೆಮನೆಗೂ ಮುಟ್ಟಿತು. ಅಲ್ಲಿ ಅರ್ಧಕ್ಕರ್ಧ ಜನ ನಮ್ಮ ಊರಿನವರೇ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ದೋಸೆ ಹುಯ್ಯುವ ಪ್ರವೀಣ್ ಸಟ್ಟುಗ ಕೆಳಗಿಟ್ಟು, “ಊರೇ ಅಪ್ಪ ಅಂದ್ಮೇಲೆ ಫೀಸ್ ಕಟ್ಟುದ್ ಊರಿಂದೇ ಕೆಲ್ಸ ಅಲ್ದಾ, ಭೋಜಣ್ಣ?” ಎಂದ. ನಾನು ಬೇಡವೆಂದೆ. ನನ್ನ ಮಾತನ್ನು ತಮ್ಮಂತೆಯೇ ಅವರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರೂ ಸೇರಿಸಿ ಕೊಟ್ಟದ್ದನ್ನು ಪ್ರವೀಣನೇ ಕಾಲೇಜಿಗೆ ಹೋಗಿ ಕಟ್ಟಿ ಬಂದ. ಹರ್ಷಿಣಿಗೆ ಹಾಲ್ ಟಿಕೆಟ್ ಸಿಕ್ಕಿದೆ. ಅವಳು ಈಗ ಓದುತ್ತ ಕೂತಿದ್ದಾಳೆ, ನಾಗಮಣಿ ನನ್ನ ಜೊತೆ ಮಾತು ಶುರು ಮಾಡಿದ್ದಾಳೆ. ತಾವು ಮನಸ್ಸು ಮಾಡಿ ವಿದ್ಯಾರ್ಥಿವೇತನ ಬಿಡುಗಡೆ ಮಾಡಿದರೆ ಆ ಪುಣ್ಯಾತ್ಮರಿಗೆ ಅದನ್ನು ಮರಳಿಸಿ ನಾನು ಮತ್ತೆ ಅಪ್ಪನಾಗಬಹುದು.

ಇಷ್ಟಾದರೂ ವಿಶ್ವಾಸ ಕಳೆದುಕೊಳ್ಳದ, ತಮ್ಮ ದಾಖಲೆಗಳಲ್ಲಿ ಇಲ್ಲದ,

ತಮ್ಮ ವಿಶ್ವಾಸಿ,
ಬಿ. ಭೋಜರಾಜ
ಹರ್ಷಿಣಿಯ ಅಣ್ಣ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಒಂದು ವಿಶೇಷ ನಡೆಯಿತು. ಫೀಸು ಕಟ್ಟುವವರು ಯಾರು ಎಂದು ಕಾಲೇಜಿನ ಕೌಂಟರಿನಲ್ಲಿ ಕೇಳಿದಾಗ ಪ್ರವೀಣ್ ‘ಬಾರ್ಕೂರು’ ಎಂದಿದ್ದನಂತೆ, ಅವರು ರಸೀದಿಯಲ್ಲಿ ಹಾಗೆಯೇ ಬರೆದುಕೊಟ್ಟಿದ್ದಾರೆ. ಹರ್ಷಿಣಿ ತುಂಟತನಕ್ಕೆ ಅದನ್ನು ತಮಗೆ ಅಪ್‌ಲೋಡ್ ಮಾಡಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಹಸಿರು ಗುರುತು ಬಂತು: ತಂದೆಯ ಹೆಸರು ಸರಿಹೊಂದಿದೆ. ನಾವು ಮೂವರೂ ಕುಣಿಯುವುದೊಂದು ಬಾಕಿ. ಅದರ ಹಿಂದೆಯೇ ತಮ್ಮ ಎರಡನೇ ಸಂದೇಶ: ತಂದೆಯವರು ಪೂರ್ತಿ ಫೀಸು ಪಾವತಿಸಿರುವುದರಿಂದ ಅರ್ಜಿದಾರರಿಗೆ ನೆರವಿನ ಅಗತ್ಯವಿಲ್ಲ, ಅರ್ಜಿ ತಿರಸ್ಕೃತ. ಅಪ್ಪ ಯಾರೆಂದು ತಮಗೆ ನಂಬಿಕೆ ಬರುವುದು ಅವನು ಫೀಸು ಕಟ್ಟಿದ ಮೇಲೆಯೇ ಎಂದು ಮೊದಲೇ ತಿಳಿಸಿದ್ದರೆ, ಸ್ವಾಮೀ, ಕಟ್ಟಿಬಿಟ್ಟೇ ಅರ್ಜಿ ಹಾಕುತ್ತಿದ್ದೆವು.