ಒಂದೇ ತೆಗ್ಗಿನ ಎರಡು ದಾರಿ

ಆಪತ್ತಿಗೆಂದು ಎತ್ತಿಡುವ ವಿದ್ಯೆ ಎಲ್ಲರಿಗೂ ಒಲಿಯುವುದಿಲ್ಲ. ನನ್ನ ಹೆಂಡತಿ ಗಿರಿಜಾಗೆ ಅದು ಹುಟ್ಟಿನಿಂದಲೇ ಬಂದಿದೆ. ನಮ್ಮ ಬೆಟಗೇರಿಯ ಮನೆಯಲ್ಲಿ ಕಡಕ್ ರೊಟ್ಟಿಯ ಬುಟ್ಟಿ ಎಂದೂ ಬರಿದಾದದ್ದಿಲ್ಲ. ಅರ್ಧ ನಮಗೆ, ಅರ್ಧ ಹೇಳದೆ ಬರುವವರಿಗೆ. ಅದೇ ವಿದ್ಯೆಗೆ ನಾನು ಸಂಬಳ ತೆಗೆದುಕೊಳ್ಳುತ್ತಿದ್ದೆ. ಗದಗ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ. ಫೋನು ಗಣಗಣಿಸಿದರೆ ಓಣಿಯೇ ಕಿವಿ ನಿಮಿರಿಸುತ್ತಿದ್ದ ಚಂದದ ದಿನಗಳವು. ಊರೂರಿಗೆ ಆಪ್ಟಿಕಲ್ ಫೈಬರ್ ಕೇಬಲ್ ಹಾಕುವ ನಕ್ಷೆ ಬರೆಯುವುದು ನನ್ನ ಕೆಲಸ.

ಗದಗದಿಂದ ಲಕ್ಷ್ಮೇಶ್ವರ, ಅಲ್ಲಿಂದ ಶಿರಹಟ್ಟಿ, ಮುಂದೆ ಮುಂಡರಗಿ, ತಿರುಗಿ ಗದಗ. ಬಳೆಯಂಥ ದಾರಿ. ಒಂದು ಕಡೆ ಕೇಬಲ್ ಕಡಿದರೆ ಮಾತು ಇನ್ನೊಂದು ಕಡೆಯಿಂದ ಸುತ್ತಿ ಬರಬೇಕು. ಹಾಗೆ ಸುತ್ತಿ ಬರುವ ಮಾತಿಗೆಂದು ಕೇಬಲ್ಲಿನಲ್ಲಿ ಅರ್ಧ ಜಾಗ ಸದಾ ಖಾಲಿ ಇಡಬೇಕು. ಹಬ್ಬದ ದಿನ ಎಲ್ಲರೂ ಒಮ್ಮೆಗೇ ಫೋನು ಹಚ್ಚಿದರೂ ಅದನ್ನು ಮುಟ್ಟುವಂತಿಲ್ಲ. ಇದನ್ನು ವಿವರಿಸಿದಾಗ ಗಿರಿಜಾ, “ಅಂದ್ರ ನನ್ನ ರೊಟ್ಟಿ ಬುಟ್ಟೀನ ನೆಲದಾಗ ಹುಗಿಯಾಕ ಹತ್ತೀರಿ” ಎಂದಳು.

ಆಗಲೇ ಅವಳ ತಂಗಿ ಶಾರದಾ ಚೊಚ್ಚಲ ಹೆರಿಗೆಗೆ ಶಿರಹಟ್ಟಿಯ ತವರಿಗೆ ಬಂದಿದ್ದಳು. ತಾಯಿ ತೀರಿಹೋಗಿದ್ದರು. “ಅಕ್ಕಾ, ಆ ಹೊತ್ತಿಗೆ ನೀ ನನ್ನ ಬಾಜೂಕ ಇರಬೇಕು” ಎಂದು ಗಿರಿಜಾಳಿಂದ ಮಾತು ತೆಗೆದುಕೊಂಡಿದ್ದಳು. ಗಿರಿಜಾ ಚೀಲ ತುಂಬತೊಡಗಿದಾಗ ನನಗೆ ನನ್ನ ಊಟದ ಚಿಂತೆ ಹತ್ತಿತು.

“ಈಗಿಂದ ಹೋಗಿ ಏನ್ ಮಾಡ್ತಿ? ಬ್ಯಾನಿ ಸುರು ಆದ ಕೂಡ್ಲೆ ಫೋನ್ ಬರತೈತಿ. ಆಗ ಬಸ್ ಹತ್ತಿದರಾತು.”

“ಫೋನ್ ಕೆಟ್ರ?”

“ಕೆಡಾಕ ಸಾಧ್ಯನ ಇಲ್ಲ. ಎರಡು ದಾರಿ ಅದಾವ.”

ಪಾಪ, ನಂಬಿ ಚೀಲ ಬಿಚ್ಚಿಟ್ಟಳು.

ಮುಂದಿನ ರವಿವಾರ ಮಧ್ಯಾಹ್ನ ಅವಳ ತಮ್ಮ ಬಸು ಪೇಢೆಯ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದ. “ಅಕ್ಕಾ, ಮುಂಜಾನಿಂದ ಫೋನ್ ಹಚ್ಚಿ ಹಚ್ಚಿ ಸಾಕಾತು. ಹೆಣ್ಣು ಹುಟ್ಯಾಳ. ಇಬ್ರೂ ಆರಾಮ ಅದಾರ. ಶಾರದಾ ನಿನ್ನ ಹಾದಿ ನೋಡಿ ನೋಡಿ ಅತ್ತಳು.” ಗಿರಿಜಾ ಪೇಢೆ ಮುಟ್ಟಲಿಲ್ಲ. ಚೀಲ ಮತ್ತೆ ತುಂಬಿಕೊಂಡು ಬಸುವಿನ ಹಿಂದೆ ಹೊರಟುಬಿಟ್ಟಳು. ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಓಡಿಹೋಗಿ ನೋಡಿದರೆ, ನಮ್ಮ ಕಚೇರಿಯ ಪಕ್ಕದ ಹಳ್ಳದ ದಂಡೆಯಲ್ಲಿ ನೀರಿನ ಪೈಪಿಗೆ ನೆಲ ಅಗೆದವರು ನನ್ನ ಎರಡೂ ದಾರಿಗಳನ್ನು ಒಂದೇ ಏಟಿಗೆ ಕಡಿದಿದ್ದರು. ನಕ್ಷೆಯಲ್ಲಿ ಅವು ಬೇರೆ ಬೇರೆ ರಸ್ತೆ ಹಿಡಿದಿದ್ದವು. ಕೇಬಲ್ ಹೂಳಿಸಿದ್ದ ಮೇಸ್ತ್ರಿ ಹುಸೇನಸಾಬನನ್ನು ಕರೆಸಿ ಕೇಳಿದೆ.

“ಅಲ್ಲಿ ಬರೇ ಕಲ್ಲು ಐತ್ರಿ ಸಾಹೇಬ್ರ. ಎರಡು ತೆಗ್ಗು ಯಾಕಂತ ಒಂದರಾಗ ಎರಡೂ ಜೋಡಿ ಮಲಗಿಸೀವ್ರಿ. ಒಂದಕ್ಕೊಂದು ಜೊತಿ ಆಗತಾವಂತ” ಎಂದ, ಅಕ್ಕರೆಯಿಂದ. ನನಗೆ ಸಿಟ್ಟೂ ಬಂತು, ನಗುವೂ ಬಂತು.

ಅಂದು ಹುಟ್ಟಿದ ಹುಡುಗಿಯೇ ಈಗ ಚೊಚ್ಚಲ ಹೆರಿಗೆಗೆ ಶಿರಹಟ್ಟಿಯ ಸೋದರಮಾವ ಬಸುವಿನ ಮನೆಗೆ ಬಂದಿದ್ದಾಳೆ. ಗಿರಿಜಾ ಈ ಸಲ ನನ್ನನ್ನು ಕೇಳುವ ಗೋಜಿಗೇ ಹೋಗದೆ ಮೊದಲೇ ಬಸ್ಸು ಹತ್ತಿದಳು. ಸುದ್ದಿ ತಪ್ಪಬಾರದೆಂದು ನಾನು ಎರಡು ಕಂಪನಿಯ ಎರಡು ಮೊಬೈಲು ಇಟ್ಟುಕೊಂಡೆ. ಇವತ್ತು ಬೆಳಿಗ್ಗೆ ನೀರು ಎಷ್ಟಿದೆ ಎಂದು ತೊಟ್ಟಿಗೆ ಬಗ್ಗಿದಾಗ, ಅಂಗಿಯ ಒಂದೇ ಕಿಸೆಯಲ್ಲಿದ್ದ ಎರಡೂ ಜೋಡಿಯಾಗಿ ಮುಳುಗಿದವು. ಈಗ ಬಾಗಿಲಲ್ಲಿ ಕುಳಿತು, ಅವಳು ಎತ್ತಿಟ್ಟು ಹೋದ ಕಡಕ್ ರೊಟ್ಟಿ ಮುರಿಯುತ್ತ, ಪೇಢೆ ತರುವ ಬಸುವಿನ ಹಾದಿ ನೋಡುತ್ತಿದ್ದೇನೆ.