ಪ್ಲಾಸ್ಟಿಕ್ಕಿಗೆ ಪುಡಿ ಬೆರೆಸಿದ ಏಳು ವರ್ಷ

ಇಂಥದ್ದೆಲ್ಲ ನನಗೇ ಯಾಕೆ ಆಗುತ್ತದೆ ಎಂದು ಕೇಳುವುದನ್ನು ನಾನು ಬಿಟ್ಟು ತುಂಬಾ ಕಾಲವಾಯಿತು. ಮೂಡುಬಿದಿರೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾ ಏಳು ವರ್ಷದಿಂದ ಪಿಎಚ್‌ಡಿ ಎಳೆಯುತ್ತಿದ್ದೆ. ಎರಡು ಬಗೆಯ ಪಾಲಿಎಥಿಲೀನ್ ಕರಗಿಸಿ, ಟಾಲ್ಕ್ ಎಂಬ ಕಲ್ಲಿನ ಪುಡಿ ಬೆರೆಸಿದರೆ, ತಣಿಯುವಾಗ ಒಳಗೆ ಹರಳು ಹೇಗೆ ಕಟ್ಟುತ್ತದೆ ಎಂದು ನೋಡುವುದು ನನ್ನ ವಿಷಯ. ಆ ವರ್ಷ ಮುಗಿಸದಿದ್ದರೆ ನೋಂದಣಿ ರದ್ದು. ಹೆಂಡತಿ ವಿಚಾರಿಸುವುದನ್ನೇ ನಿಲ್ಲಿಸಿದ್ದಳು.

೧. ಬಾಗಿಲು ಹಾಕಿ

ಬೆರೆಸುವ ಯಂತ್ರ ಕಾಲೇಜಿನಲ್ಲಿ ಇರಲಿಲ್ಲ. ಬಂಟ್ವಾಳದ ಹತ್ತಿರ ಪೈಪ್ ತಯಾರಿಸುವ ಬ್ಯಾರಿ ಸಾಹುಕಾರರೊಬ್ಬರ ಬಳಿ ಹೋಗಿ, ಪ್ಲಾಸ್ಟಿಕ್ಕಿಗೆ ಪುಡಿ ಬೆರೆಸಬೇಕಿತ್ತು, ಎಷ್ಟು ಬೆರೆಸಿದೆ ಎಂದು ಪ್ರಬಂಧದಲ್ಲಿ ಬರೆಯಲಿಕ್ಕುಂಟು ಎಂದೆ. ಅವರು ಎದ್ದು ಬಾಗಿಲು ಹಾಕಿ ಬಂದರು. ಶುಕ್ರವಾರ ಕೆಲಸದವರೆಲ್ಲ ಜುಮಾ ನಮಾಜಿಗೆ ಹೋದಾಗ ಯಂತ್ರ ಖಾಲಿ ಇರುತ್ತದೆ, ಬನ್ನಿ ಎಂದರು. ಆಮೇಲೆ ಮೆಲ್ಲಗೆ, "ಬೆರೆಸುವ ಮಾರಾಯ್ರೆ, ಅದಕ್ಕೇನು. ಆದರೆ ಅದನ್ನು ಪುಸ್ತಕದಲ್ಲಿ ಬರೆಯುವುದು ಯಾಕೆ?"

೨. ಉಪಕಾರ

ಕರಗಿಸಿದ ತುಂಡುಗಳು ಕಾಲೇಜಿನ ಲ್ಯಾಬಿನ ಒಲೆಯೊಳಗೇ ನಿಧಾನವಾಗಿ ತಣಿಯಬೇಕು. ಅವಸರ ಮಾಡಿದರೆ ಹರಳು ಸರಿಯಾಗಿ ಕಟ್ಟುವುದಿಲ್ಲ. ಅಳದಂಗಡಿ ಕಡೆಯ ನಮ್ಮ ಅಟೆಂಡರಿಗೆ ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಿ ಪಾಠಕ್ಕೆ ಹೋದೆ. ಬಂದು ನೋಡುವಾಗ ಒಂದು ತಿಂಗಳ ಕೆಲಸ ಬಕೆಟ್ ನೀರಿನಲ್ಲಿ ಮುಳುಗಿತ್ತು. ಕಾದು ಕಾದು ಸರ್ ಸೊರಗಿದ್ದಾರೆ ಎಂದು ಕನಿಕರಪಟ್ಟು ಎರಡೇ ನಿಮಿಷದಲ್ಲಿ ತಣಿಸಿದ್ದರಂತೆ. ಬೈಯಲು ತ್ರಾಣ ಇರಲಿಲ್ಲ, ಥ್ಯಾಂಕ್ಸ್ ಎಂದೆ. ಅದರಿಂದ ಹುರುಪು ಬಂದು ಮುಂದಿನ ಸಲವೂ ತಣಿಸಿಟ್ಟರು.

೩. ಕೊನೆಯ ಪ್ರಶ್ನೆ

ಅಂತೂ ಪ್ರಬಂಧ ಮುಗಿಯಿತು, ಮೌಖಿಕ ಪರೀಕ್ಷೆಯ ದಿನ ಬಂತು. ಯಂತ್ರ ಕೊಟ್ಟ ಋಣಕ್ಕೆ ಸಾಹುಕಾರರನ್ನೂ ಕರೆದಿದ್ದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದರು.

ಹೊರಗಿನಿಂದ ಬಂದ ಪರೀಕ್ಷಕರು ಒಂದೇ ಒಂದು ಪ್ರಶ್ನೆ ಉಳಿಸಿಕೊಂಡಿದ್ದರು. ಸ್ವಲ್ಪ ಪುಡಿ ಹಾಕಿದರೆ ಹರಳು ಬೇಗ ಕಟ್ಟುತ್ತದೆ, ತುಂಬಾ ಹಾಕಿದರೆ ಕಟ್ಟುವುದೇ ಕಷ್ಟ, ಯಾಕೆ? ಉತ್ತರ ನಾನೇ ಬರೆದ ನಾಲ್ಕನೇ ಅಧ್ಯಾಯದಲ್ಲಿತ್ತು. ಬಾಯಿಗೆ ಮಾತ್ರ ಬರಲಿಲ್ಲ. ಏಳು ವರ್ಷ ನೀರುಪಾಲಾಯಿತು ಎಂದು ನಿಜಕ್ಕೂ ಹೆದರಿದೆ.

ಹಿಂದಿನಿಂದ ಸಾಹುಕಾರರು ಎದ್ದು ನಿಂತರು. "ಮದುವೆಯಲ್ಲಿ ಬಡಿಸುವವರು ನಾಲ್ಕು ಜನ ಇದ್ದರೆ ಊಟ ಬೇಗ ಸುರುವಾಗ್ತದೆ ಸರ್. ನಲವತ್ತು ಜನ ಬಂದು ನಿಂತರೆ ಉಣ್ಣುವವರಿಗೆ ಕೂರ್ಲಿಕ್ಕೆ ಜಾಗ ಎಲ್ಲುಂಟು?"

ಪರೀಕ್ಷಕರು ಅದನ್ನು ಬರೆದುಕೊಂಡರು. ನಿಮ್ಮ ಉತ್ತರವೂ ಇದೇ ತಾನೆ ಎಂದು ನನ್ನ ಕಡೆ ತಿರುಗಿದರು. ಹೌದೆಂದೆ. ಡಾಕ್ಟರೇಟ್ ಸಿಕ್ಕಿತು.

ಚಹಾ ಕುಡಿಯುವಾಗ ಪರೀಕ್ಷಕರು ನನ್ನನ್ನು ಬಿಟ್ಟು ಸಾಹುಕಾರರ ಕೈ ಕುಲುಕಿ, ನಿಮ್ಮ ಪಿಎಚ್‌ಡಿ ಯಾವ ವಿಶ್ವವಿದ್ಯಾಲಯದ್ದು ಎಂದು ಕೇಳಿದರು.

"ಏಳನೇ ಕ್ಲಾಸಿಗೇ ಬಿಟ್ಟೆ ಸರ್," ಎಂದರು ಸಾಹುಕಾರರು ನನ್ನನ್ನು ತೋರಿಸಿ. "ಇವರಷ್ಟು ತಾಳ್ಮೆ ನನಗಿರಲಿಲ್ಲ."