ನನ್ನೊಬ್ಬನನ್ನು ಕೇಳದ ಅಭ್ಯರ್ಥಿ

ನನಗೆ ಸಿಟ್ಟು ಬರುವುದು ಸಣ್ಣ ವಿಷಯಗಳಿಗೇ. ದೊಡ್ಡ ವಿಷಯಗಳಿಗೆ ಸಿಟ್ಟು ಮಾಡಿಕೊಳ್ಳುವವರು ಊರಲ್ಲಿ ಬೇಕಾದಷ್ಟಿದ್ದಾರೆ, ನನ್ನ ಮನೆಯಲ್ಲೇ ಒಬ್ಬಳಿದ್ದಾಳೆ. ಅವಳು ನನ್ನ ಹೆಂಡತಿ ಸುಮತಿ. ಹೊಳೆಯ ಕಿಂಡಿ ಅಣೆಕಟ್ಟಿಗೆ ಹೊತ್ತಿಗೆ ಸರಿಯಾಗಿ ಹಲಗೆ ಹಾಕದೆ ಗದ್ದೆಗಳಿಗೆಲ್ಲ ಸಮುದ್ರದ ಉಪ್ಪುನೀರು ನುಗ್ಗಿದಾಗ ಅವಳು ಕೊಡದ ಅರ್ಜಿಯಿಲ್ಲ, ಹತ್ತದ ಕಚೇರಿಯಿಲ್ಲ. ಯಾರೂ ಕೇಳಲಿಲ್ಲ. ಕಡೆಗೆ ವಿಧಾನಸಭೆಯ ಚುನಾವಣೆಗೇ ನಿಂತುಬಿಟ್ಟಳು. ಪಕ್ಷವಿಲ್ಲ, ಅನುಭವವಿಲ್ಲ, ಎದುರಿಗೆ ಗೆದ್ದು ಗೆದ್ದು ಅಭ್ಯಾಸವಾದ ಹಾಲಿ ಶಾಸಕರು. ಚಿಹ್ನೆಯಾಗಿ ಸಿಕ್ಕಿದ್ದು ಪ್ರೆಷರ್ ಕುಕ್ಕರು. ಮರುದಿನವೇ ನಮ್ಮ ಮನೆಯ ಕುಕ್ಕರು ಪ್ರಚಾರದ ರಿಕ್ಷಾದ ನೆತ್ತಿಯೇರಿತು. ನಾನು ಕುಚ್ಚಲಕ್ಕಿಯನ್ನು ಪಾತ್ರೆಯಲ್ಲಿಟ್ಟು, ಅದು ಬೇಯುವುದನ್ನೇ ಕಾಯುತ್ತ ಕೂತೆ. ಅದಕ್ಕೂ ಸಿಟ್ಟು ಮಾಡಲಿಲ್ಲ. ನನ್ನ ಸಿಟ್ಟು ಒಂದೇ. ಕ್ಷೇತ್ರದ ಮನೆಮನೆಗೆ ಹೋಗಿ ಕೈಮುಗಿದ ಈ ಅಭ್ಯರ್ಥಿ ತನ್ನ ಸ್ವಂತ ಗಂಡನ ಹತ್ತಿರ ಒಂದು ಸಲವಾದರೂ ಓಟು ಕೇಳಲಿಲ್ಲ.

ಇದು ಸಣ್ಣ ವಿಷಯವೆನ್ನುವವರಿಗೆ ನಮ್ಮ ಕುಂದಾಪುರದ ಕಡೆಯ ಹೇಳಿಕೆಯ ಪದ್ಧತಿ ಗೊತ್ತಿಲ್ಲ. ಇಲ್ಲಿ ಮದುವೆಗೆ ಕರೆಯಬೇಕಾದರೆ ಮನೆಗೇ ಬರಬೇಕು, ಜಗಲಿಯಲ್ಲಿ ಕೂರಬೇಕು, ಆಸ್ರಿಗೆ, ಎಂದರೆ ಬಾಯಾರಿಕೆಗೆ, ಕೊಟ್ಟ ಮಜ್ಜಿಗೆಯನ್ನೋ ಶರಬತ್ತನ್ನೋ ಕುಡಿಯಬೇಕು, ಆಮೇಲೆ ಎದ್ದು ನಿಂತು ಇಂಥ ದಿನ ಎಲ್ಲರೂ ಬರಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಪೇಟೆಯಲ್ಲಿ ಸಿಕ್ಕಾಗ ಹೇಳಿದ್ದು, ಫೋನಿನಲ್ಲಿ ಮದುವೆ ಕಾಗದದ ಫೋಟೋ ಕಳಿಸಿದ್ದು ಹೇಳಿಕೆಯೇ ಅಲ್ಲ. ಮೊನ್ನೆ ಮೊನ್ನೆ ನನ್ನ ಸ್ವಂತ ಅಣ್ಣ, ಅದೂ ಪಕ್ಕದ ಮನೆಯವನು, ಮಗಳ ಮದುವೆಗೆ ಬೇಲಿಯಾಚೆಯಿಂದಲೇ ಹೇಳಿದ ಎಂದು ನಾನು ಹೋಗಲಿಲ್ಲ. ಅಲ್ಲಿ ವಾಲಗ ಊದುತ್ತಿದ್ದರೆ ಇಲ್ಲಿ ಉಪ್ಪಿನಕಾಯಿ ನೆಕ್ಕಿಕೊಂಡು ಗಂಜಿ ಉಂಡೆ. ಮರ್ಯಾದೆಯ ಪ್ರಶ್ನೆ. ಸುಮತಿ ಹೋಗಿ ಹೋಳಿಗೆ ತಿಂದು ಬಂದಳು. ಅವಳಿಗೆ ಮರ್ಯಾದೆಯ ವಿಷಯದಲ್ಲಿ ಗಂಭೀರತೆ ಸಾಲದು.

ಆದರೆ ಚುನಾವಣೆಗೆ ನಿಂತ ಮೇಲೆ ಅವಳಿಗೂ ಈ ಪದ್ಧತಿಯ ಬಿಸಿ ತಟ್ಟಿತು. ಗಂಗೊಳ್ಳಿಯ ಮೀನುಗಾರರ ಮನೆಗಳಲ್ಲಿ, ಬೈಂದೂರಿನ ಅಂಗಡಿಗಳಲ್ಲಿ, ಎಲ್ಲಿ ಹೋದರೂ ಆಚೆ ಮನೆಗೆ ಹೋದವರು ನಮ್ಮ ಮನೆಗೆ ಯಾಕೆ ಬರಲಿಲ್ಲ ಎಂಬ ದೂರು. ಅಣೆಕಟ್ಟಿನ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಅವಳು ಮತದಾರರ ಪಟ್ಟಿ ಹಿಡಿದು, ಬಿಟ್ಟುಹೋದ ಮನೆಗಳಿಗೆ ಗುರುತು ಹಾಕಿಕೊಂಡು ಮತ್ತೆ ಹೊರಡುತ್ತಿದ್ದಳು. ಚಪ್ಪಲಿ ಎರಡು ಜೊತೆ ಸವೆಯಿತು. ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ ನನ್ನನ್ನು ದಾಟಿಯೇ ಹೋಗುತ್ತಿದ್ದಳು, ಬರುತ್ತಿದ್ದಳು. ನಾನು ಕೆಮ್ಮಿದರೆ ಕಷಾಯ ಮಾಡಿಕೊಳ್ಳಲು ಹೇಳುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ, ಸುಮತಿ ಇಲ್ಲದ ಹೊತ್ತಿಗೆ, ಹಾಲಿ ಶಾಸಕರು ನಮ್ಮ ಮನೆಗೇ ಬಂದರು. ಚಪ್ಪಲಿ ಕಳಚಿ ಜಗಲಿ ಹತ್ತಿದರು, ಕೂತರು, ನಾನು ಕೊಟ್ಟ ಮಜ್ಜಿಗೆಯನ್ನು ಪೂರ್ತಿ ಕುಡಿದರು, ಎದ್ದು ನಿಂತು ಕೈಮುಗಿದರು.

"ಶೆಟ್ರೆ, ನೀವ್ ಯಾರಿಗ್ ಹಾಕ್ತ್ರಿ ಅಂದೇಳಿ ನಂಗ್ ಗೊತ್ತಿತ್. ಆರೂ ಕೇಂಬುದ್ ನನ್ ಧರ್ಮ."

ಓಟು ಸಿಗದೆಂದು ಗೊತ್ತಿದ್ದೂ ಬಂದು ಕೇಳಿದರಲ್ಲ ಎಂದು ನನ್ನ ಕಣ್ಣು ತೇವವಾಯಿತೆಂದರೆ ನಂಬಬೇಕು. ಇಂಥವರನ್ನು ಸೋಲಿಸಲು ಹೊರಟಿದ್ದಾಳಲ್ಲ ಎಂದು ಹೆಂಡತಿಯ ಮೇಲೆ ಕೋಪ ಬಂತು. ಅಣೆಕಟ್ಟಿನ ಹಲಗೆಯ ಬಗ್ಗೆ ಅವರನ್ನು ಕೇಳಬೇಕಿತ್ತು ಎನ್ನುವುದು ಅವರ ಕಾರು ಹೋಗಿ ಅರ್ಧ ಗಂಟೆಯಾದ ಮೇಲೆ ನೆನಪಾಯಿತು.

ಮರುದಿನ ಕಾಫಿಯ ಹೊತ್ತಿಗೆ ಸುಮತಿಗೆ ನೇರವಾಗಿಯೇ ಹೇಳಿದೆ. ಎದುರಾಳಿ ಬಂದು ಕೇಳಿದ, ನೀನು ಕೇಳಲಿಲ್ಲ. ಕರೆಯದ ಮದುವೆಗೆ ನಾನು ಹೋಗುವವನಲ್ಲ, ಕೇಳದವರಿಗೆ ಓಟು ಹಾಕುವವನೂ ಅಲ್ಲ. ಅವಳು ಲೋಟ ಕೆಳಗಿಟ್ಟು ಮತದಾರರ ಪಟ್ಟಿಯನ್ನು ಒಮ್ಮೆ ತೆರೆದಳು, ಮತ್ತೆ ಮಡಚಿ ಚೀಲಕ್ಕೆ ಹಾಕಿಕೊಂಡಳು. ಹೊರಗೆ ರಿಕ್ಷಾ ಹಾರನ್ ಹಾಕಿತು, ಹೋದಳು. ಇದಕ್ಕಿಂತ ಅಹಂಕಾರ ಇನ್ನೇನಿದೆ ಹೇಳಿ.

ಓಟಿನ ದಿನ ನಾನು ದೊಡ್ಡ ಮನಸ್ಸು ಮಾಡಿದೆ. ಕೇಳದಿದ್ದರೂ ಹಾಕಿಬಿಡೋಣ, ಜೀವನವಿಡೀ ನೆನಪಿಸುತ್ತಿರಬಹುದು ಎಂದು ಇಸ್ತ್ರಿಯ ಅಂಗಿ ತೊಟ್ಟು, ನಾನು ಓದಿದ ಶಾಲೆಯ ಮತಗಟ್ಟೆಗೇ ಹೋದೆ. ಮನೆಗೆ ಹಂಚುವ ಓಟಿನ ಚೀಟಿ ಸುಮತಿಯದೊಂದೇ ಬಂದಿತ್ತು. ನನ್ನದನ್ನು ತರಿಸುವ ಕಾಳಜಿಯೂ ಅವಳಿಗಿಲ್ಲ ಎಂದು ಅದಕ್ಕೂ ಸಿಟ್ಟು ಮಾಡಿಕೊಂಡಿದ್ದೆ. ಒಳಗಿದ್ದವರು ಪಟ್ಟಿ ಹುಡುಕಿದರು, ಇನ್ನೊಮ್ಮೆ ಹುಡುಕಿದರು, ನನ್ನ ಗುರುತಿನ ಚೀಟಿಯನ್ನು ತಿರುಗಿಸಿ ನೋಡಿದರು.

"ಇದ್ ಮುಂಬೈದಲ್ದಾ ಶೆಟ್ರೆ? ನಿಮ್ ಹೆಸ್ರ್ ಇಲ್ಲಿ ಇಲ್ಲೆ."

ಮೂವತ್ತು ವರ್ಷ ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಬರುವಾಗ ನಾನು ಮಂಚ ತಂದಿದ್ದೆ, ಕಪಾಟು ತಂದಿದ್ದೆ, ಇಡ್ಲಿ ಬೇಯಿಸುವ ದೊಡ್ಡ ಪಾತ್ರೆಯನ್ನೂ ಬಿಡದೆ ತಂದಿದ್ದೆ. ಓಟನ್ನು ಅಲ್ಲೇ ಬಿಟ್ಟು ಬಂದಿದ್ದೆ. ವರ್ಗ ಮಾಡಿಸುವ ಫಾರಮನ್ನು ಸುಮತಿ ಮೂರು ಸಲ ತಂದುಕೊಟ್ಟಿದ್ದಳು. ಅವಸರವೇನು ಎಂದು ಮೂರು ಸಲವೂ ಎತ್ತಿಟ್ಟವನು ನಾನು. ಅಭ್ಯರ್ಥಿಯ ಗಂಡ ನಾನು, ಈ ಶಾಲೆಯಲ್ಲೇ ಕಲಿತವನು ಎಂದೆಲ್ಲ ವಾದಿಸಿದೆ. ಹಿಂದೆ ಸಾಲಿನಲ್ಲಿದ್ದವರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಹೊರಗೆ, ಪ್ರಚಾರದವರು ದಾಟಬಾರದ ಗೆರೆಯಾಚೆ ಸುಮತಿ ನಿಂತಿದ್ದಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ರೇಗಿದೆ.

"ಊರ್ನರ ಹೆಸ್ರೆಲ್ಲ ಪಟ್ಟಿಯೊಳ್ಗ್ ಇತ್ತಾ ಅಂದೇಳಿ ಕಂಡವ್ಳ್ ನಾನ್," ಅಂದಳು. "ನಮ್ಮನೆಯರ ಹೆಸ್ರೇ ಇಲ್ಲೆ ಅಂಬುಕೆ ನಾಚ್ಕಿ ಆಯ್ತ್. ಇಲ್ದಿದ್ ಓಟ್ ಹ್ಯಾಂಗ್ ಕೇಂಬುದ್?"

ಸುಮತಿ ಸೋತಳು, ದೊಡ್ಡ ಅಂತರದಲ್ಲೇ. ಒಂದು ಓಟಿನಿಂದ ಸೋತಿದ್ದರೆ ನಾನು ಊರು ಬಿಡಬೇಕಿತ್ತು. ವಾರ ಕಳೆದು ಗೆದ್ದ ಶಾಸಕರು ಮನೆಮನೆಗೆ ಕೃತಜ್ಞತೆ ಹೇಳುತ್ತ ನಮ್ಮಲ್ಲಿಗೂ ಬಂದರು. ಜಗಲಿಯಲ್ಲಿ ಕೂತು, ನನ್ನ ಕೈ ಹಿಡಿದು, ನೀವು ಹೆಂಡತಿಗೇ ಓಟು ಹಾಕಿದ್ದಕ್ಕೆ ನನಗೆ ಸ್ವಲ್ಪವೂ ಬೇಜಾರಿಲ್ಲ, ಗಂಡನೆಂದರೆ ಹೀಗಿರಬೇಕು ಎಂದು ಹತ್ತು ಜನರೆದುರು ಹೊಗಳಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಮಜ್ಜಿಗೆ ತಂದ ಸುಮತಿ ಒಂದು ಲೋಟ ಅವರ ಮುಂದಿಟ್ಟಳು, ಒಂದು ನನ್ನ ಮುಂದಿಟ್ಟಳು, ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.